ಸಜಾತಿ ಪದಗಳನ್ನು ಕೂಡಿಸುವಾಗ ಚಿಹ್ನೆ ತಪ್ಪುವುದಕ್ಕೆ ಪರಿಹಾರ: ನನ್ನ ಅನುಭವ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಗೆ ಪಾಠಕ್ಕೆ ಬರುವ ಏಳನೆಯ, ಎಂಟನೆಯ ತರಗತಿಯ ಕನ್ನಡದ ಮಕ್ಕಳು ಕೂಡು, ಕಳೆ ಎರಡನ್ನೂ ಬಲ್ಲವರಾದರೂ, −5ಅ − 9ಅ ಎಂಬಂಥ ಸಜಾತಿ ಪದಗಳನ್ನು, ಅಂದರೆ ಒಂದೇ ಅಕ್ಷರವಿರುವ ಪದಗಳನ್ನು, ಬಿಡಿಸಿ −14ಅ ಎನ್ನುವ ಬದಲು +14ಅ ಎಂದು ಬರೆಯುತ್ತಿದ್ದರು.

‘ಮೈನಸ್ ಮೈನಸ್ ಪ್ಲಸ್’ ಎಂಬ ಬಾಯಿಪಾಠವೇ ಇದಕ್ಕೆ ಮೂಲ. ಅದು ಗುಣಾಕಾರದ ನಿಯಮವೇ ಹೊರತು ಸಂಕಲನದ್ದಲ್ಲ. ಸಂಖ್ಯಾರೇಖೆ ಒಂದೇ ಅಕ್ಷರವಿದ್ದಾಗ ನೆರವಾಯಿತು, ಎರಡಾದೊಡನೆ ಸೋತಿತು. ಸಜಾತಿ ಪದಗಳಿಗೆ ಬಣ್ಣದ ಗೆರೆ ಎಳೆಸಿದಾಗಲೂ ಹಿಂದಿನ ಚಿಹ್ನೆ ಗೆರೆಯ ಹೊರಗೇ ಉಳಿಯುತ್ತಿತ್ತು.

ಕೊನೆಗೆ ಫಲಿಸಿದ್ದು ಪದವನ್ನು ಅದರ ಎಡಬದಿಯ ಚಿಹ್ನೆಯಿಂದಲೇ ಆರಂಭಿಸಿ ಚೌಕದೊಳಗೆ ಸೇರಿಸುವ ಕ್ರಮ. 5ಅ − 8ಬ − 9ಅ − (2ಅ − 3ಬ) ಎಂಬ ಬೀಜೋಕ್ತಿಯನ್ನು ತೆಗೆದುಕೊಳ್ಳೋಣ. ಮೊದಲು ಆವರಣವನ್ನು ಬಿಡಿಸಬೇಕು. ಆವರಣದ ಎಡಬದಿಗೆ ಋಣ ಚಿಹ್ನೆಯಿರುವುದರಿಂದ ಒಳಗಿನ ಪ್ರತಿಯೊಂದು ಪದದ ಚಿಹ್ನೆಯೂ ಬದಲಾಗಿ −2ಅ + 3ಬ ಆಗುತ್ತದೆ. ಎರಡನೆಯ ಪದದ ಚಿಹ್ನೆ ಬದಲಿಸಲು ಮರೆಯುವವರೇ ಹೆಚ್ಚು, ಆದ್ದರಿಂದ ಇಲ್ಲಿ ಅವಸರ ಕೂಡದು. ಬಳಿಕ ಮೊದಲ ಪದಕ್ಕೆ ಧನ ಚಿಹ್ನೆಯನ್ನು ಬರೆದೇ ತೋರಿಸಿ, ಚೌಕ ಹಾಕಿ, +5ಅ, −9ಅ, −2ಅ ಒಂದು ಸಾಲಿನಲ್ಲಿಯೂ −8ಬ, +3ಬ ಅದರ ಕೆಳಗಿನ ಸಾಲಿನಲ್ಲಿಯೂ ಬರುವಂತೆ ಬರೆಯಬೇಕು. ಪ್ರತಿ ಸಾಲಿನಲ್ಲೂ ಧನ ಸಹಗುಣಕಗಳ (ಅಕ್ಷರದ ಜೊತೆಗಿರುವ ಸಂಖ್ಯೆಗಳ) ಮೊತ್ತವನ್ನೂ ಋಣ ಸಹಗುಣಕಗಳ ಮೊತ್ತವನ್ನೂ ಬೇರೆಬೇರೆಯಾಗಿ ಕಂಡುಕೊಂಡು, ದೊಡ್ಡದರಿಂದ ಚಿಕ್ಕದನ್ನು ಕಳೆದು, ದೊಡ್ಡದರ ಚಿಹ್ನೆಯನ್ನು ಉತ್ತರಕ್ಕೆ ಇಡಬೇಕು. ಅ ಸಾಲಿನಲ್ಲಿ ಧನ 5, ಋಣ 11, ಆದ್ದರಿಂದ −6ಅ. ಬ ಸಾಲಿನಲ್ಲಿ −5ಬ. ಉತ್ತರ −6ಅ − 5ಬ.

ತಾಳೆ ನೋಡಲು ಅ = 2, ಬ = 1 ಎಂದು ಇಟ್ಟರೆ ಮೂಲ ಬೀಜೋಕ್ತಿಯ ಬೆಲೆಯೂ ಉತ್ತರದ ಬೆಲೆಯೂ −17 ಬರುತ್ತದೆ.