ಡ್ರಾಮಾ ಸ್ಕೂಲ್ ಆಡಿಷನ್‌ಗೆ ತಯಾರಾಗೋದು ಹೇಗೆ

ನಟನೆಗೆ ಅಂತಾನೇ ಎರಡು ಮೂರು ವರ್ಷ ಕೊಟ್ಟು ಸರಿಯಾಗಿ ಕಲೀಬೇಕು ಅಂತ ಮನಸ್ಸು ಮಾಡಿರೋರು ಮೊದಲು ಯೋಚನೆ ಮಾಡ್ಬೇಕಾಗಿರೋದು ಯಾವ ಮಾನೋಲಾಗ್ (ನಾಟಕದಲ್ಲಿ ಒಬ್ಬರೇ ಆಡೋ ಉದ್ದದ ಮಾತು) ಮಾಡ್ಲಿ ಅಂತಲ್ಲ, ಯೂನಿವರ್ಸಿಟಿಗೆ ಹೋಗ್ಲಾ ಡ್ರಾಮಾ ಸ್ಕೂಲಿಗೆ ಹೋಗ್ಲಾ ಅಂತ. ಹೆಸರು ನೋಡಿದ್ರೆ ಎರಡೂ ನಾಟಕದ ಕೋರ್ಸೇ, ಆದ್ರೆ ಒಳಗೆ ನಡೆಯೋದು ಬೇರೆ ಬೇರೆ. ಯೂನಿವರ್ಸಿಟಿಯಲ್ಲಿ ಸಾಮಾನ್ಯವಾಗಿ ರಂಗಭೂಮಿ ಇತಿಹಾಸ, ನಾಟಕ ಸಾಹಿತ್ಯ, ವಿಮರ್ಶೆ, ಪ್ರಬಂಧ ಬರೆಯೋದು ಇವೆಲ್ಲ ದೊಡ್ಡ ಪಾಲು, ಅದರ ಜೊತೆ ಪ್ರಾಕ್ಟಿಕಲ್. ಡ್ರಾಮಾ ಸ್ಕೂಲಲ್ಲಿ ಬೆಳಗ್ಗೆ ಮೂವ್‌ಮೆಂಟ್ ಕ್ಲಾಸಲ್ಲಿ ಶುರುವಾದ್ರೆ ವಾಯ್ಸ್, ಆಕ್ಟಿಂಗ್, ಮತ್ತೆ ರಿಹರ್ಸಲ್ ಅಂತ ರಾತ್ರಿವರೆಗೂ ಮೈಯನ್ನೇ ದುಡಿಸ್ತಾರೆ. ಯಾವುದು ಮೇಲು ಅನ್ನೋ ಪ್ರಶ್ನೆ ಇಲ್ಲ. ಓದು, ಸಂಶೋಧನೆ, ನಾಟಕ ಬರೆಯೋದು, ಪಾಠ ಹೇಳೋದು ಇದರ ಕಡೆ ಎಳೀತಿದ್ರೆ ಮೊದಲನೇದು, ದಿನಾ ನಟಿಸ್ತಾನೇ ಇರ್ಬೇಕು ಅನ್ಸಿದ್ರೆ ಎರಡನೇದು.

ಬ್ರೋಷರ್ ನೋಡಿ ತೀರ್ಮಾನ ಮಾಡ್ಬೇಡಿ. ಈಗ ಅಲ್ಲಿ ಓದ್ತಿರೋರು ಯಾರನ್ನಾದ್ರೂ ಹುಡುಕಿ ಒಂದು ವಾರದ ಟೈಮ್‌ಟೇಬಲ್ ಕೇಳಿ. ವಾರಕ್ಕೆ ಎಷ್ಟು ಗಂಟೆ ಫ್ಲೋರ್ ಮೇಲೆ ಇರ್ತಾರೆ, ಒಂದು ಬ್ಯಾಚಲ್ಲಿ ಎಷ್ಟು ಜನ, ಕೊನೇ ವರ್ಷ ಪ್ರೇಕ್ಷಕರ ಮುಂದೆ ಎಷ್ಟು ನಾಟಕ ಆಡ್ತಾರೆ, ಈ ಮೂರಕ್ಕೆ ಉತ್ತರ ಸಿಕ್ರೆ ಆ ಜಾಗ ಎಂಥದ್ದು ಅಂತ ಬಹುಪಾಲು ಗೊತ್ತಾಗುತ್ತೆ. ಮುಗಿಸಿದ ತಕ್ಷಣ ಸಿನಿಮಾದಲ್ಲಿ ಚಾನ್ಸ್ ಗ್ಯಾರಂಟಿ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ, ಯಾವ ಒಳ್ಳೆ ಶಾಲೆಯೂ ಆ ಮಾತು ಕೊಡಲ್ಲ.

ಪ್ರತಿ ಶಾಲೆಗೂ ಒಂದು ದಾರಿ ಅಂತ ಇರುತ್ತೆ, ಅದನ್ನೂ ತಿಳ್ಕೊಂಡು ಅರ್ಜಿ ಹಾಕಿ. ಜಾಕ್ ಲಕಾಕ್ 1956ರಲ್ಲಿ ಪ್ಯಾರಿಸ್‌ನಲ್ಲಿ ಶುರು ಮಾಡಿದ ಶಾಲೆಯಲ್ಲಿ ಮುಖವಾಡ, ದೇಹ, ಕ್ಲೌನ್ ಇವುಗಳ ಮೂಲಕ ಕಲಿಕೆ. ಅಮೆರಿಕದ ನಟನಾ ಶಿಕ್ಷಕ ಸ್ಯಾನ್‌ಫರ್ಡ್ ಮೈಸ್ನರ್ ದಾರಿ ಹಿಡಿದ ಕಡೆ ಇಬ್ಬರು ಎದುರುಬದುರು ನಿಂತು ಒಂದೇ ವಾಕ್ಯನ ಮತ್ತೆ ಮತ್ತೆ ಹೇಳ್ತಾ ಎದುರಿಗಿರೋರನ್ನ ನಿಜವಾಗಿ ಕೇಳಿಸ್ಕೊಳ್ಳೋ ಅಭ್ಯಾಸ ಮಾಡಿಸ್ತಾರೆ. ದೆಹಲಿಯಲ್ಲಿ 1959ರಲ್ಲಿ ಶುರುವಾದ ಎನ್‌ಎಸ್‌ಡಿ (ನ್ಯಾಷನಲ್ ಸ್ಕೂಲ್ ಆಫ್ ಡ್ರಾಮಾ) ಮೂರು ವರ್ಷದ ಕೋರ್ಸಿಗೆ ಹೆಸರು ಮಾಡಿದ್ದು. ದೇಹ ಬಗ್ಗಿಸಿ ಕೆಲಸ ಮಾಡೋದು ಅಂದ್ರೆ ಇಷ್ಟ ಇಲ್ಲದೋರು ಮುಖವಾಡದ ಶಾಲೆಗೆ ಹೋದ್ರೆ ಮೊದಲ ವರ್ಷಾನೇ ಒದ್ದಾಡ್ತಾರೆ.

ಈಗ ಪೀಸ್, ಅಂದ್ರೆ ಆಡಿಷನ್‌ನಲ್ಲಿ ಮಾಡೋ ತುಣುಕು, ಆರಿಸೋ ವಿಷಯ. ಬಹಳಷ್ಟು ಶಾಲೆಗಳು ಎರಡು ಮಾನೋಲಾಗ್ ಕೇಳ್ತವೆ, ಒಂದು ಕ್ಲಾಸಿಕಲ್ ಒಂದು ಈಗಿನ ಕಾಲದ್ದು, ಎರಡೂ ಒಂದಕ್ಕೊಂದು ಬೇರೆ ಥರ ಇರ್ಬೇಕು ಅಂತಾರೆ. ಬೇರೆ ಥರ ಅಂದ್ರೆ ಒಂದರಲ್ಲಿ ಅಳು ಒಂದರಲ್ಲಿ ಕೋಪ ಅಂತಲ್ಲ, ಲಯ ಬೇರೆ ಆಗ್ಬೇಕು, ಪಾತ್ರಕ್ಕೆ ಎದುರಿನವರ ಮೇಲಿರೋ ಹಿಡಿತ ಬೇರೆ ಆಗ್ಬೇಕು. ನಿಮ್ಮ ವಯಸ್ಸಿಗೆ ಹತ್ತಿರದ ಪಾತ್ರ ತಗೊಳ್ಳಿ, ಹತ್ತೊಂಬತ್ತರ ಹುಡುಗ ಎಂಬತ್ತರ ರಾಜನ ಪಾತ್ರ ಮಾಡಿದ್ರೆ ನೋಡೋರಿಗೆ ಅವನ ಮುದುಕನ ನಡಿಗೆ ಕಾಣುತ್ತೆ, ಅವನು ಕಾಣಲ್ಲ. ಮೊದಲ ಸಾಲಿಂದಾನೇ ಕಿರುಚೋ ಪೀಸ್ ಬೇಡ, ಅಲ್ಲಿಂದ ಮುಂದೆ ಹೋಗೋಕೆ ಜಾಗಾನೇ ಇರಲ್ಲ. ಸಿನಿಮಾದ ಫೇಮಸ್ ಡೈಲಾಗೂ ಬೇಡ, ಅದನ್ನ ಹೇಳಿದ ನಟನ ರಾಗ ನಿಮ್ಮ ಕಿವಿಯಲ್ಲೂ ಇರುತ್ತೆ, ಆಯ್ಕೆ ಮಾಡೋಕೆ ಕೂತಿರೋ ಪ್ಯಾನೆಲ್‌ನವರ ಕಿವಿಯಲ್ಲೂ ಇರುತ್ತೆ. ಟೈಮ್ ಎರಡು ನಿಮಿಷ ಅಂದಿದ್ರೆ ಅದರೊಳಗೆ ಆರಾಮಾಗಿ ಮುಗಿಯೋಹಾಗೆ ಕತ್ತರಿಸಿ. ಮತ್ತೆ ಇಡೀ ನಾಟಕ ಓದಿ, ಆ ಒಂದು ಪುಟ ಮಾತ್ರ ಓದಿರೋರು "ಈ ಮಾತಿಗೆ ಮುಂಚೆ ಏನಾಯ್ತು" ಅಂತ ಕೇಳಿದ ತಕ್ಷಣ ಸಿಕ್ಕಿಬೀಳ್ತಾರೆ.

ನಾಟಕದ ಬಗ್ಗೆ ನಮ್ಮ ಹಳೇ ಸಂಸ್ಕೃತ ಗ್ರಂಥ ನಾಟ್ಯಶಾಸ್ತ್ರ ಅಭಿನಯನ ಆಂಗಿಕ (ಮೈ), ವಾಚಿಕ (ಮಾತು), ಆಹಾರ್ಯ (ವೇಷಭೂಷಣ), ಸಾತ್ತ್ವಿಕ (ಒಳಗಿನ ಭಾವ) ಅಂತ ನಾಲ್ಕು ಮಾಡುತ್ತೆ. ಆಡಿಷನ್ ರೂಮಲ್ಲಿ ಆಹಾರ್ಯ ಅನ್ನೋದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ವೇಷ ಇಲ್ಲ, ಮೇಕಪ್ ಇಲ್ಲ, ಸೆಟ್ ಇಲ್ಲ, ಜಾಸ್ತಿ ಅಂದ್ರೆ ಒಂದು ಕುರ್ಚಿ. ಉಳಿದ ಮೂರರಲ್ಲೇ ಎಲ್ಲ ಆಗ್ಬೇಕು, ಹಾಗಾಗಿ ಪ್ರಾಪರ್ಟಿ (ನಾಟಕದ ಸಾಮಾನು) ಹೊತ್ಕೊಂಡು ಹೋಗೋದು ಬಿಟ್ಟು ಮಾತಿನ ಮೇಲೆ ಕೆಲಸ ಮಾಡಿ.

ಮಾತಿನ ಮೇಲೆ ಕೆಲಸ ಅಂದ್ರೆ ಹೇಗೆ ಅಂತ ಎರಡೇ ವಾಕ್ಯದಲ್ಲಿ ತೋರಿಸ್ತೀನಿ. ಎಷ್ಟೋ ವರ್ಷ ಆದ್ಮೇಲೆ ಮನೆಗೆ ಬಂದ ತಮ್ಮನಿಗೆ ಅಕ್ಕ ಹೇಳ್ತಾಳೆ ಅನ್ಕೊಳ್ಳಿ: "ನೀನು ಬರ್ತೀಯ ಅಂತ ಗೊತ್ತಿತ್ತು. ಅದಕ್ಕೇ ಬಾಗಿಲಿಗೆ ಚಿಲಕ ಹಾಕಿರಲಿಲ್ಲ." ಇದನ್ನ "ದುಃಖದಿಂದ" ಹೇಳು ಅಂದ್ರೆ ಎಲ್ಲರೂ ಒಂದೇ ಥರ ಹೇಳ್ತಾರೆ, ದನಿ ಇಳಿಸಿ, ನಿಧಾನಕ್ಕೆ. ಅದರ ಬದಲು ಆ ಅಕ್ಕ ತಮ್ಮನಿಗೆ ಏನು ಮಾಡ್ತಿದ್ದಾಳೆ ಅಂತ ಒಂದು ಕ್ರಿಯಾಪದ ಹುಡುಕಿ. "ಒಳಗೆ ಕರೀತಿದ್ದಾಳೆ" ಅಂದ್ರೆ ಎರಡು ವಾಕ್ಯದ ಮಧ್ಯೆ ಗ್ಯಾಪೇ ಬೇಡ, ಮೈ ಪಕ್ಕಕ್ಕೆ ಸರಿದು ದಾರಿ ಬಿಡುತ್ತೆ. "ಚುಚ್ತಿದ್ದಾಳೆ" ಅಂದ್ರೆ "ಅದಕ್ಕೇ" ಮೇಲೆ ಭಾರ ಬೀಳುತ್ತೆ, ಅವಳು ನಿಂತ ಜಾಗ ಬಿಟ್ಟು ಕದಲಲ್ಲ. "ಪರೀಕ್ಷೆ ಮಾಡ್ತಿದ್ದಾಳೆ" ಅಂದ್ರೆ "ಗೊತ್ತಿತ್ತು" ಆದ್ಮೇಲೆ ನಿಲ್ತಾಳೆ, ಅವನ ಮುಖ ನೋಡ್ತಾಳೆ, ಅವನು ಏನೂ ಹೇಳಲ್ಲ, ಆಮೇಲೆ ಎರಡನೇದು ಬರುತ್ತೆ. ಮಾತು ಅದೇ, ಭಾವನೆ ಬಗ್ಗೆ ನಾವು ಒಂದು ಅಕ್ಷರ ಮಾತಾಡಿಲ್ಲ, ಆದ್ರೂ ಮೂರು ಸಲಾನೂ ಬೇರೆ ಅಕ್ಕ. ಪಾತ್ರಕ್ಕೆ ಏನು ಬೇಕು, ಅದನ್ನ ಪಡ್ಕೊಳ್ಳೋಕೆ ಏನು ಮಾಡುತ್ತೆ ಅನ್ನೋ ಈ ದಾರಿ ರಷ್ಯಾದ ರಂಗ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಯಿಂದ ಬಂದಿದ್ದು, ಇವತ್ತಿಗೂ ಎಷ್ಟೋ ಕಡೆ ಕ್ಲಾಸ್ ಶುರುವಾಗೋದು ಇಲ್ಲಿಂದಾನೇ. ನಿಮ್ಮ ಪೀಸಿನ ಪ್ರತಿ ವಾಕ್ಯದ ಪಕ್ಕ ಪೆನ್ಸಿಲಲ್ಲಿ ಒಂದೊಂದು ಕ್ರಿಯಾಪದ ಬರೀರಿ, ಪೆನ್ ಬೇಡ, ಬದಲಾಗ್ತಾನೇ ಇರುತ್ತೆ.

ಜೊತೆಗೆ ಇನ್ನೆರಡು ಖಚಿತ ಮಾಡ್ಕೊಳ್ಳಿ. ಯಾರ ಹತ್ರ ಮಾತಾಡ್ತಿದ್ದೀರಿ, ಅವರು ಎಲ್ಲಿ ನಿಂತಿದ್ದಾರೆ ಅನ್ನೋದು, ಅವರನ್ನ ಪ್ಯಾನೆಲ್‌ನವರ ತಲೆಯಿಂದ ಸ್ವಲ್ಪ ಪಕ್ಕಕ್ಕೆ ಇಟ್ಕೊಳ್ಳಿ, ಪ್ಯಾನೆಲ್‌ನವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ರೆ ಅವರು ಬರ್ಕೊಳ್ಳೋಕೂ ಆಗಲ್ಲ ಆರಾಮಾಗಿ ನೋಡೋಕೂ ಆಗಲ್ಲ. ಇನ್ನೊಂದು, ಮೊದಲ ಮಾತಿಗಿಂತ ಹತ್ತು ಸೆಕೆಂಡ್ ಮುಂಚೆ ಏನಾಯ್ತು ಅನ್ನೋದು. ಅದು ಗೊತ್ತಿಲ್ಲದಿದ್ರೆ ಪೀಸಿನ ಮೊದಲ ಮೂರು ಸಾಲು ಇಂಜಿನ್ ಬಿಸಿ ಮಾಡೋದ್ರಲ್ಲೇ ಹೋಗ್ಬಿಡುತ್ತೆ.

ಬಾಯಿಪಾಠ ಮಾಡುವಾಗ ರಾಗ ಹಾಕದೆ, ಸಪ್ಪೆಯಾಗಿ ಮಾಡಿ. ಪಾತ್ರೆ ತೊಳೀತಾ, ನಡೀತಾ, ಬಟ್ಟೆ ಮಡಚ್ತಾ ಹೇಳ್ಕೊಳ್ಳಿ. ಇದು ಸಣ್ಣ ವಿಷಯ ಅನ್ಸುತ್ತೆ ಆದ್ರೆ ನನ್ನ ಪ್ರಕಾರ ಆಡಿಷನ್ನಲ್ಲಿ ಅತಿ ಹೆಚ್ಚು ಜನ ಸೋಲೋದು ಇಲ್ಲೇ. ಯಾಕಂದ್ರೆ ಪೀಸ್ ಮುಗಿದ್ಮೇಲೆ ಪ್ಯಾನೆಲ್‌ನವರು "ಚೆನ್ನಾಗಿತ್ತು, ಈಗ ಇದನ್ನೇ ಪಕ್ಕದ ರೂಮಲ್ಲಿ ಮಗು ಮಲಗಿದೆ ಅಂತ ಮಾಡಿ" ಅಂತಾನೋ, "ನೆಲ ಒರೆಸ್ತಾ ಹೇಳಿ" ಅಂತಾನೋ, "ಅವನನ್ನ ನಗಿಸೋಕೆ ನೋಡಿ" ಅಂತಾನೋ ಹೇಳ್ತಾರೆ. ಅವರು ನಿಜವಾಗಿ ನೋಡೋದು ಆಗ. ಮೊದಲ ಸಲ ನೀವು ಮಾಡಿದ್ದು ಮನೆಯಿಂದ ತಂದಿದ್ದು, ಈಗ ಮಾಡೋದು ನೀವು ಆ ರೂಮಲ್ಲಿ ಕಲೀತಿರೋದು, ಮೂರು ವರ್ಷ ಜೊತೆಗೆ ಕೆಲಸ ಮಾಡೋಕೆ ಆಗೋ ಮನುಷ್ಯನಾ ಅಂತ ಅವರಿಗೆ ಗೊತ್ತಾಗೋದು ಇದರಿಂದ. ಕನ್ನಡಿ ಮುಂದೆ ರಾಗ, ಕೈ, ಕಣ್ಣೀರು ಎಲ್ಲ ಫಿಕ್ಸ್ ಮಾಡ್ಕೊಂಡು ಬಂದೋರು ಎರಡನೇ ಸಲಾನೂ ಅದನ್ನೇ ಸ್ವಲ್ಪ ಮೆಲ್ಲಗೆ ಮಾಡಿ ಮುಗಿಸ್ತಾರೆ. ಪೂರ್ತಿ ತಯಾರಾದ ನಟ ಬೇಕಿದ್ರೆ ಅವರು ಶಾಲೆ ಯಾಕೆ ನಡೆಸ್ತಿದ್ರು?

ಹಾಗಾಗಿ ಮನೆಯಲ್ಲೇ ಪ್ರಾಕ್ಟೀಸ್ ಮಾಡಿ. ಫ್ರೆಂಡ್ ಒಬ್ಬರನ್ನ ಕೂರಿಸ್ಕೊಂಡು ಬಾಯಿಗೆ ಬಂದ ಸೂಚನೆ ಕೊಡು ಅನ್ನಿ, ವಿಚಿತ್ರ ಇದ್ದಷ್ಟೂ ಒಳ್ಳೇದು. ಸೂಚನೆ ಬಂದಾಗ ಪೂರ್ತಿ ಕೇಳಿಸ್ಕೊಳ್ಳಿ, ಅರ್ಥ ಆಗ್ಲಿಲ್ಲ ಅಂದ್ರೆ ಕೇಳಿ, "ನಾನು ಹಾಗೆ ಮಾಡಿದ್ದು ಯಾಕಂದ್ರೆ" ಅಂತ ವಿವರಣೆ ಶುರು ಮಾಡ್ಬೇಡಿ, ಆಮೇಲೆ ಪೂರ್ತಿ ಮಾಡಿ. ತಪ್ಪಾದ್ರೂ ಪೂರ್ತಿ ಮಾಡಿದ್ರೆ ನೋಡೋಕೆ ಏನೋ ಸಿಗುತ್ತೆ, ಅರ್ಧ ಮನಸ್ಸಲ್ಲಿ ಮಾಡಿದ್ರೆ ಏನೂ ಸಿಗಲ್ಲ.

ದನಿ ಬಗ್ಗೆ ಒಂದು ಮಾತು. ಎಫ್. ಎಂ. ಅಲೆಕ್ಸಾಂಡರ್ ಅಂತ ಆಸ್ಟ್ರೇಲಿಯಾದ ನಟ, 1869ರಲ್ಲಿ ಹುಟ್ಟಿದವರು, ವಾಚನ ಮಾಡುವಾಗ ದನಿ ಕಟ್ತಿತ್ತು. ಕನ್ನಡಿ ಇಟ್ಕೊಂಡು ತನ್ನನ್ನ ತಾನೇ ಗಮನಿಸಿದಾಗ ಗೊತ್ತಾಗಿದ್ದು ಮಾತು ಶುರು ಮಾಡೋವಾಗೆಲ್ಲ ತಲೆ ಹಿಂದಕ್ಕೆ ಎಳ್ಕೊಂಡು ಗಂಟಲು ಒತ್ತುತ್ತಿದ್ರು ಅಂತ. ಅದರಿಂದ ಹುಟ್ಟಿದ ಅಲೆಕ್ಸಾಂಡರ್ ಟೆಕ್ನಿಕ್ ಈಗ ಎಷ್ಟೋ ಡ್ರಾಮಾ ಸ್ಕೂಲಲ್ಲಿ ಪಾಠ. ನೀವೂ ಫೋನಲ್ಲಿ ಪಕ್ಕದಿಂದ ವಿಡಿಯೋ ಮಾಡಿ ಕತ್ತು ನೋಡ್ಕೊಳ್ಳಿ, ಭುಜ ಕಿವಿ ಹತ್ರ ಬರುತ್ತಾ ನೋಡಿ. ದಿನಾ ಹದಿನೈದು ನಿಮಿಷ ಉಸಿರು, ಬಾಯಿ ಮುಚ್ಚಿ ಗುಂಯ್‌ಗುಡೋದು, ತುಟಿ ಬಿಡಿಸೋದು, ನಾಲಿಗೆ ತಿರುಗಿಸೋ ವಾಕ್ಯಗಳು ಇಷ್ಟು ಸಾಕು. ಗಂಟಲು ನೋವಾದ್ರೆ ನಿಲ್ಲಿಸಿ.

ಸೆಲ್ಫ್ ಟೇಪ್, ಅಂದ್ರೆ ನೀವೇ ರೆಕಾರ್ಡ್ ಮಾಡಿ ಕಳಿಸೋ ವಿಡಿಯೋ, ಕೇಳಿದ್ರೆ ಫೋನ್ ಅಡ್ಡ ಇಡಿ, ಲೆನ್ಸ್ ಕಣ್ಣಿನ ಎತ್ತರಕ್ಕೆ, ಬೆಳಕು ಮುಖದ ಮೇಲೆ, ಹಿಂದೆ ಖಾಲಿ ಗೋಡೆ, ಮಧ್ಯೆ ಕಟ್ ಬೇಡ. ಫ್ಯಾನ್ ಆಫ್ ಮಾಡಿ, ದನಿ ಸರಿಯಾಗಿ ಕೇಳಿಸದ ಟೇಪ್ ನೋಡೋದು ಬಹಳ ಕಷ್ಟ. ಶಾಲೆಯವರು ಬೇರೆ ಥರ ಹೇಳಿದ್ರೆ ಅವರು ಹೇಳಿದ ಹಾಗೇ ಮಾಡಿ.

ಮುಂದಿನ ಸುತ್ತಿಗೆ ಕರೆದ್ರೆ ಅದು ಸಾಮಾನ್ಯವಾಗಿ ಗುಂಪಿನ ವರ್ಕ್‌ಶಾಪ್, ಆಟ, ಇಂಪ್ರೊವೈಸೇಶನ್ (ಬರೆದ ಮಾತಿಲ್ಲದೆ ಅಲ್ಲೇ ಹುಟ್ಟಿಸ್ಕೊಂಡು ಆಡೋದು), ಕೆಲವು ಕಡೆ ಹಾಡು. ಅಲ್ಲಿ ಎದ್ದು ಕಾಣ್ಬೇಕು ಅಂತ ಪ್ರತಿ ಸಲ ಮುಂದೆ ನುಗ್ಗೋರು ಬಹಳ ಜನ, ಅದರ ಅಗತ್ಯ ಇಲ್ಲ. ಬೇರೆಯವರು ಮಾಡುವಾಗ ನೀವು ಹೇಗೆ ನೋಡ್ತಿದ್ದೀರಿ ಅನ್ನೋದನ್ನೂ ಗಮನಿಸ್ತಾರೆ, ಜೊತೆಗಾರ ತಂದ ಐಡಿಯಾ ಹಿಡ್ಕೊಂಡು ಬೆಳೆಸೋರು ಅವರಿಗೆ ಬೇಕು. ಸಡಿಲ ಬಟ್ಟೆ ಹಾಕ್ಕೊಳ್ಳಿ, ಫೋನ್ ಬ್ಯಾಗಲ್ಲೇ ಇರ್ಲಿ. ಇಂಟರ್‌ವ್ಯೂನಲ್ಲಿ ಇತ್ತೀಚೆಗೆ ಯಾವ ನಾಟಕ ನೋಡಿದ್ರಿ ಅಂತ ಕೇಳಿದ್ರೆ "ತುಂಬಾ ಚೆನ್ನಾಗಿತ್ತು" ಅಂತ ಬಿಡ್ಬೇಡಿ. ಯಾವ ದೃಶ್ಯದಲ್ಲಿ ಬೆಳಕು ಏನು ಮಾಡ್ತು, ಯಾವ ನಟ ಯಾವ ಮಾತನ್ನ ನುಂಗಿದ್ರು, ಎಲ್ಲಿ ನಿಮಗೆ ಒಪ್ಪಿಗೆ ಆಗ್ಲಿಲ್ಲ ಅಂತ ಹೇಳಿ. ಹಾಗೆ ಹೇಳೋಕೆ ನಾಟಕ ನೋಡಿರ್ಬೇಕು, ಅದಕ್ಕೇ ಆಡಿಷನ್‌ಗೆ ಮುಂಚಿನ ತಿಂಗಳುಗಳಲ್ಲಿ ಸಿಕ್ಕಿದ್ದೆಲ್ಲ ನೋಡಿ, ಕೆಟ್ಟದ್ದಾದ್ರೂ ಪರವಾಗಿಲ್ಲ.

ಸೀಟ್ ಸಿಗಲಿಲ್ಲ ಅಂದ್ರೆ ಅದನ್ನ ನಿಮ್ಮ ನಟನೆ ಮೇಲಿನ ತೀರ್ಪು ಅಂತ ತಗೋಬೇಡಿ. ಬ್ಯಾಚ್ ಚಿಕ್ಕದು, ಅದೂ ಒಂದು ತಂಡದ ಥರ ಕಟ್ತಾರೆ, ನಿಮ್ಮಂಥ ದನಿ, ಮೈಕಟ್ಟು ಇರೋರು ಆಗ್ಲೇ ಇಬ್ಬರು ಬಂದಿದ್ರೆ ಮೂರನೆಯವರಿಗೆ ಜಾಗ ಇರ್ದೇ ಹೋಗ್ಬಹುದು. ಫೀಡ್‌ಬ್ಯಾಕ್ ಕೊಡೋ ಪದ್ಧತಿ ಇದ್ರೆ ಕೇಳಿ ತಗೊಳ್ಳಿ. ಆ ವರ್ಷ ಯಾವುದಾದ್ರೂ ಹವ್ಯಾಸಿ ತಂಡ ಸೇರಿ, ಪಾತ್ರ ಸಿಗದಿದ್ರೆ ಲೈಟಿಂಗ್‌ಗೋ ಪ್ರಾಂಪ್ಟಿಂಗ್‌ಗೋ (ಮಾತು ಮರೆತ ನಟರಿಗೆ ಪಕ್ಕದಿಂದ ಹೇಳಿಕೊಡೋದು) ಕೂತ್ಕೊಳ್ಳಿ, ಪ್ರಾಂಪ್ಟ್ ಮಾಡೋರಿಗೆ ಇಡೀ ನಾಟಕ ಹೇಗೆ ಕಟ್ಕೊಂಡು ಬರುತ್ತೆ ಅಂತ ದಿನಾ ಕಾಣುತ್ತೆ. ಮುಂದಿನ ಸಲ ಅರ್ಜಿ ಹಾಕುವಾಗ ಎರಡರಲ್ಲಿ ಒಂದು ಪೀಸನ್ನಾದ್ರೂ ಬದಲಾಯಿಸಿ, ಹಳೇದನ್ನ ಇಟ್ಕೊಂಡ್ರೆ ಅದರ ಕ್ರಿಯಾಪದಗಳನ್ನೆಲ್ಲ ಅಳಿಸಿ ಹೊಸದಾಗಿ ಬರೀರಿ.