ಪದವಿಗೊಂದು ಪುಟ, ಎಸಿಸಿಎಗೊಂದು ಪುಟ: ನನ್ನ ಅನುಭವ

ಮಗಳನ್ನು ಬೆಂಗಳೂರಿನ ಖಾಸಗಿ ಕಾಲೇಜಿನ ಎಸಿಸಿಎ (ಬ್ರಿಟನ್ನಿನ ಸಂಸ್ಥೆಯೊಂದು ಪರೀಕ್ಷೆ ನಡೆಸಿ ಕೊಡುವ ಅಕೌಂಟಿಂಗ್ ಅರ್ಹತೆ) ಸಹಿತ ಬಿ.ಕಾಂ.ಗೆ ಸೇರಿಸದೆ, ದಾವಣಗೆರೆಯ ಅನುದಾನಿತ ಕಾಲೇಜಿನಲ್ಲಿ ಸಾಮಾನ್ಯ ಬಿ.ಕಾಂ. ಓದಿಸಿ, ಎಸಿಸಿಎಯನ್ನು ಹೊರಗಿನಿಂದ ಬರೆಸುತ್ತೇನೆಂದಾಗ, ದುಡ್ಡಿನ ಮುಖ ನೋಡಿ ಹುಡುಗಿಯ ಭವಿಷ್ಯಕ್ಕೆ ಕಲ್ಲು ಹಾಕುತ್ತಿದ್ದೀರಿ ಎಂದು ಬಂಧುಗಳು ಬೇಸರಿಸಿದ್ದರು. ಆಕೆ ಕಳೆದ ವರ್ಷ ಬೆಂಗಳೂರಿನಲ್ಲೇ ವರ್ಷಕ್ಕೆ ಸುಮಾರು 7 ಲಕ್ಷದ ಕೆಲಸಕ್ಕೆ ಸೇರಿದ ಮೇಲೆ ಅವರಲ್ಲೇ ಕೆಲವರು ನನ್ನ ಲೆಕ್ಕದ ಪುಸ್ತಕ ಕೇಳಿ ಒಯ್ದರು.

ಆ ಪುಸ್ತಕದಲ್ಲಿ ಪದವಿಯ ಖರ್ಚಿಗೆ ಒಂದು ಪುಟ, ವಿಶೇಷ ವಿಷಯದ ಖರ್ಚಿಗೆ ಇನ್ನೊಂದು ಪುಟ. ಖಾಸಗಿ ಕಾಲೇಜಿನ ಶುಲ್ಕ, ಹಾಸ್ಟೆಲ್, ಸಾಲದ ಬಡ್ಡಿ ಸೇರಿ 14 ಲಕ್ಷದ ಹತ್ತಿರ ಬರುತ್ತಿತ್ತು. ನಮಗೆ ಪದವಿಗೆ ಅರ್ಧ ಲಕ್ಷವೂ ತಗುಲಲಿಲ್ಲ. ಎಸಿಸಿಎ ನೋಂದಣಿ, ವಾರ್ಷಿಕ ಚಂದಾ, ಪರೀಕ್ಷಾ ಶುಲ್ಕ, ತರಗತಿಗಳೆಲ್ಲ ಕೂಡಿ ನಾಲ್ಕೂವರೆ ಲಕ್ಷದ ಆಸುಪಾಸಾಯಿತು.

ಖಾಸಗಿ ಕಾಲೇಜಿನವರು ಮುಂದಿಡುತ್ತಿದ್ದ ದೊಡ್ಡ ಆಕರ್ಷಣೆಯೆಂದರೆ ಎಸಿಸಿಎಯ 13 ಪೇಪರುಗಳಲ್ಲಿ 9ಕ್ಕೆ ವಿನಾಯಿತಿ. ಆದರೆ ವಿನಾಯಿತಿಗೂ ಪ್ರತಿ ಪೇಪರಿಗೆ ಪೌಂಡಿನಲ್ಲಿ ಶುಲ್ಕವಿದೆ, ಕೊನೆಯ ಹಂತದ 4 ಪೇಪರುಗಳನ್ನು ಯಾರೇ ಆದರೂ ಬರೆಯಲೇಬೇಕು. ಕೆಳಗಿನ ಪೇಪರುಗಳನ್ನು ಸ್ವತಃ ಬರೆದವರ ಕೈ ಅಲ್ಲಿ ಪಳಗಿರುತ್ತದೆ ಎಂಬ ನನ್ನ ನಂಬಿಕೆ ಹುಸಿಯಾಗಲಿಲ್ಲ. ಮಗಳು ಆ ನಾಲ್ಕನ್ನೂ ಮೊದಲ ಪ್ರಯತ್ನದಲ್ಲೇ ದಾಟಿದಳು.

ನಡುವೆ ಪೆಟ್ಟೂ ಬಿತ್ತು. ಆಡಿಟ್ ಪೇಪರಿನಲ್ಲಿ 50 ಬೇಕಿದ್ದ ಕಡೆ ನಲವತ್ತರ ಮೇಲೆ ಕೆಲವೇ ಅಂಕ ಬಂದು, ಶುಲ್ಕವೂ ಮೂರು ತಿಂಗಳೂ ಹೋದವು. ಮುಂಗಡ ಪಡೆದಿದ್ದ ತರಬೇತಿ ಸಂಸ್ಥೆಯೊಂದು ಶಿಕ್ಷಕರು ಬಿಟ್ಟುಹೋದ ಮೇಲೂ ಹಣ ಹಿಂದಿರುಗಿಸದೆ, ಮೂವತ್ತು ಸಾವಿರದಷ್ಟು ಮುಳುಗಿತು. ಆಮೇಲೆ ಕಂತಿನ ಹೊರತು ಯಾರಿಗೂ ಕೊಡಲಿಲ್ಲ, ಪರೀಕ್ಷಾ ಶುಲ್ಕವನ್ನು ದರ ಕಡಿಮೆಯಿರುವ ಮೊದಲ ಗಡುವಿನೊಳಗೇ ಕಟ್ಟಿದೆ.

ನಿರ್ಧಾರಕ್ಕೆ ಮುನ್ನ ಕೆಲವು ವಾರ ಉದ್ಯೋಗದ ಜಾಹೀರಾತುಗಳನ್ನು ಕತ್ತರಿಸಿ ಅಂಟಿಸಿದ್ದೆ. ನಾನು ಕಂಡವುಗಳಲ್ಲಿ ಹೆಚ್ಚಿನವು ಕೇಳಿದ್ದು ಎಷ್ಟು ಪೇಪರು ಮುಗಿದಿವೆ ಎಂದೇ ಹೊರತು ಕಾಲೇಜಿನ ಹೆಸರನ್ನಲ್ಲ. ಆದರೆ ಭಾರತದಲ್ಲಿ ಶಾಸನಬದ್ಧ (ಕಾನೂನಿನಂತೆ ಮಾಡಿಸಲೇಬೇಕಾದ) ಆಡಿಟ್ ವರದಿಗೆ ಸಹಿ ಮಾಡುವ ಅಧಿಕಾರ ಎಸಿಸಿಎಗಿಲ್ಲ. ಸ್ವಂತ ಪ್ರಾಕ್ಟೀಸ್ ಬಯಸುವವರು ಸಿಎ ಪುಟವನ್ನೇ ತೆರೆಯಬೇಕು.

ಇದೇ ಲೆಕ್ಕವನ್ನು ತಮ್ಮನ ಮಗನ ಬಿಬಿಎ ಲಾಜಿಸ್ಟಿಕ್ಸ್‌ಗೂ (ಸರಕು ಸಾಗಣೆಯ ನಿರ್ವಹಣೆ) ಹಾಕಿ ನೋಡಿದೆ. ಅಲ್ಲಿ ವಿಶೇಷ ವಿಷಯ ಪದವಿಯೊಳಗೇ ಬೆರೆತಿರುವುದರಿಂದ ಪುಟಗಳು ಬೇರೆಯಾಗಲಿಲ್ಲ. ಹಾಗಾಗಿ ಪಣಂಬೂರಿನ ಬಂದರು ಹತ್ತಿರವಿರುವ ಮಂಗಳೂರಿನ ಕಾಲೇಜಿಗೆ, ಇಂಟರ್ನ್‌ಶಿಪ್ ನೋಡಿಕೊಂಡು, ಹೆಚ್ಚು ಶುಲ್ಕ ಕೊಟ್ಟೇ ಸೇರಿಸಿದೆವು.