ಹತ್ತಲು ಚಾರ್ಮಾಡಿ, ಇಳಿಯಲು ಕುದುರೆಮುಖ: ರಜೆಯಲ್ಲಿ ಕಾರು ಹೊರಡಿಸುವ ನನ್ನ ರೀತಿ

ಮಂಗಳೂರಿನವರಿಗೆ ಘಟ್ಟ ಹತ್ತಲು ದಾರಿಗಳ ಬರವಿಲ್ಲ. ಬೆಂಗಳೂರಿಗೆ ಶಿರಾಡಿ, ಮಡಿಕೇರಿಗೆ ಸಂಪಾಜೆ, ತೀರ್ಥಹಳ್ಳಿ ಕಡೆಗೆ ಆಗುಂಬೆ, ಮೂಡಿಗೆರೆ ಚಿಕ್ಕಮಗಳೂರಿಗೆ ಚಾರ್ಮಾಡಿ, ಕಳಸ ಶೃಂಗೇರಿಗೆ ಮಾಳದಿಂದ ಮೇಲೆ ಹೋಗುವ ಕುದುರೆಮುಖ ರಸ್ತೆ. ದಸರಾ ರಜೆಗೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೊರಡುವಾಗ ನಾನು ಮೊದಲು ತೀರ್ಮಾನಿಸುವುದು ಯಾವ ಜಲಪಾತ, ಯಾವ ದೇವಸ್ಥಾನ ಎಂದಲ್ಲ. ಯಾವ ಘಟ್ಟದಲ್ಲಿ ಹತ್ತಬೇಕು, ಯಾವುದರಲ್ಲಿ ಇಳಿಯಬೇಕು, ಎರಡನ್ನೂ ಹಗಲು ಬೆಳಕಿನಲ್ಲೇ ಮುಗಿಸುವುದು ಹೇಗೆ ಎಂಬುದನ್ನು. ನೋಡುವ ಜಾಗಗಳು ಆ ಲೆಕ್ಕದೊಳಗೆ ಎಷ್ಟು ಹಿಡಿಸುತ್ತವೋ ಅಷ್ಟೇ.

ನನ್ನದು ಸಣ್ಣ ಪೆಟ್ರೋಲ್ ಕಾರು, ಕೈಯಲ್ಲಿ ಗೇರ್ ಹಾಕುವಂಥದ್ದು. ಅಮ್ಮ, ಹೆಂಡತಿ, ಇಬ್ಬರು ಮಕ್ಕಳು, ಡಿಕ್ಕಿ ತುಂಬ ಸಾಮಾನು. ಇಷ್ಟು ಭಾರ ಹೊತ್ತ ಗಾಡಿಗೆ ಕಡಿದಾದ ಘಟ್ಟವನ್ನು ಹತ್ತಲು ಇಟ್ಟುಕೊಳ್ಳುವುದು, ಉದ್ದಕ್ಕೆ ಮೆಲ್ಲ ಮೆಲ್ಲ ಇಳಿಯುವ ಘಟ್ಟವನ್ನು ವಾಪಸಿಗೆ ಇಟ್ಟುಕೊಳ್ಳುವುದು ಸರಿ ಎಂಬುದು ನನ್ನ ಅಭಿಪ್ರಾಯ. ಹತ್ತುವಾಗ ಹೆಚ್ಚೆಂದರೆ ಎಂಜಿನ್ ಏದುಸಿರು ಬಿಡುತ್ತದೆ. ಇಳಿಯುವಾಗ ಬಿಸಿಯಾಗುವುದು ಬ್ರೇಕು. ಹಾಗಾಗಿ ಹೋಗುವುದು ಚಾರ್ಮಾಡಿ, ಬರುವುದು ಕುದುರೆಮುಖ. ಶಿರಾಡಿಯಲ್ಲಿ ತಿರುವುಗಳು ಸುಲಭ, ನಿಜ. ಆದರೆ ಲಾರಿ, ಟ್ಯಾಂಕರ್‌ಗಳ ಹಿಂದೆ ಹೊಗೆ ಕುಡಿಯುತ್ತ ಹೋಗುವುದನ್ನು ರಜೆ ಅನ್ನಲಾಗದು.

ಹೊರಡುವ ವಾರ ಮೊದಲೇ ಗ್ಯಾರೇಜಿಗೆ ಹೋಗುತ್ತೇನೆ. ಎಲ್ಲರೂ ನೋಡಿಸುವುದು ಎಂಜಿನ್ ಆಯಿಲ್. ನಾನು ಹಟ ಹಿಡಿಯುವುದು ಬ್ರೇಕ್ ಆಯಿಲ್ ಬಗ್ಗೆ. ಅದು ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಕೊರತೆ? ನೀರು ಸೇರಿದ ಬ್ರೇಕ್ ಆಯಿಲ್ ಬೇಗ ಕುದಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ತಳ ಮುಟ್ಟುತ್ತದೆ. ಊರೊಳಗೆ ಓಡಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಘಟ್ಟದ ಇಳಿಜಾರಿನಲ್ಲಿ. ಎರಡು ವರ್ಷಕ್ಕೊಮ್ಮೆ ಬದಲಿಸಿಬಿಡುವುದು ಒಳ್ಳೆಯದು. ಟೈರಿನ ಗಾಳಿಯನ್ನು ಗಾಡಿ ತಣ್ಣಗಿರುವಾಗಲೇ, ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಎಷ್ಟು ಎಂದಿದೆಯೋ ಅಷ್ಟು ತುಂಬಿಸುತ್ತೇನೆ. ವೈಪರ್ ರಬ್ಬರ್ ಹೊಸದಿರಬೇಕು. ಅಕ್ಟೋಬರ್‌ನಲ್ಲಿ ಬೆಳಗ್ಗೆ ಎಷ್ಟೇ ಬಿಸಿಲಿದ್ದರೂ ಮಧ್ಯಾಹ್ನದ ಮೇಲೆ ಘಟ್ಟದಲ್ಲಿ ಗುಡುಗು ಮಳೆ ಯಾವಾಗ ಬೇಕಾದರೂ ಬರಬಹುದು.

ಬೆಳಗ್ಗೆ ಐದೂವರೆಗೆ ಹೊರಟರೆ ಬಿ.ಸಿ. ರೋಡ್ ದಾಟುವಾಗ ಬೆಳಕು ಹರಿಯುತ್ತದೆ. ಫರಂಗಿಪೇಟೆ, ತುಂಬೆ ಹಾದು ಹೋಗುವಾಗ ಬಲಗಡೆ ನೇತ್ರಾವತಿ. ತುಂಬೆಯ ಕಿಂಡಿ ಅಣೆಕಟ್ಟಿನ ನೀರೇ ಮಂಗಳೂರಿನ ನಲ್ಲಿಗಳಿಗೆ ಬರುವುದು. ಬಿ.ಸಿ. ರೋಡಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಹೆದ್ದಾರಿ 75ನ್ನು ಬಿಟ್ಟು 73 ಹಿಡಿದರೆ ಬಂಟ್ವಾಳ, ಬೆಳ್ತಂಗಡಿ, ಉಜಿರೆ. ಉಜಿರೆಯಲ್ಲಿ ಧರ್ಮಸ್ಥಳದ ಗಾಡಿಗಳೆಲ್ಲ ಬಲಕ್ಕೆ ತಿರುಗುತ್ತವೆ, ರಸ್ತೆ ತಟ್ಟನೆ ಖಾಲಿಯಾಗುತ್ತದೆ. ಅಲ್ಲಿಯೇ ಟ್ಯಾಂಕ್ ತುಂಬಿಸಿ, ಎಲ್ಲರನ್ನೂ ಒಮ್ಮೆ ಇಳಿಸಿ ಕೈಕಾಲು ಆಡಿಸಲು ಬಿಡುತ್ತೇನೆ. ತಿಂಡಿ ಮಾತ್ರ ಕೊಡಿಸುವುದಿಲ್ಲ. ಮಕ್ಕಳು ಎಷ್ಟು ಗೋಗರೆದರೂ ಬಾಳೆಹಣ್ಣು, ಒಂದೆರಡು ಬಿಸ್ಕತ್ತು, ಅಷ್ಟೇ. ಹೊಟ್ಟೆ ತುಂಬಿದ್ದರೂ ವಾಂತಿ, ಪೂರ್ತಿ ಖಾಲಿ ಇದ್ದರೂ ವಾಂತಿ. ಅಮ್ಮನಿಗೆ ಮುಂದಿನ ಸೀಟು, ಬಾಯಲ್ಲಿ ಒಣಶುಂಠಿ ಚೂರು. ಹಿಂದೆ ಕೂತವರ ಕೈಯಿಂದ ಮೊಬೈಲ್ ಕಸಿದಿಟ್ಟುಕೊಳ್ಳುವುದು ನನ್ನ ಹೆಂಡತಿಯ ಕೆಲಸ. ಕಣ್ಣು ಪರದೆಯ ಮೇಲೆ ನಿಂತು ಮೈ ಮಾತ್ರ ಅತ್ತಿತ್ತ ಓಲಾಡಿದರೆ ತಲೆ ತಿರುಗುವುದು ಖಂಡಿತ. ಹೊರಗೆ ದೂರಕ್ಕೆ ನೋಡುತ್ತ ಕೂತರೆ ಅರ್ಧ ತೊಂದರೆ ಹೋಗುತ್ತದೆ.

ಚಾರ್ಮಾಡಿ ಊರು ದಾಟಿದ ಮೇಲೆ ಏರು ಶುರು. 2019ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದು ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು. ಮಳೆಗಾಲದಲ್ಲಿ ಜಿಲ್ಲಾಡಳಿತದ ಆದೇಶ ವಾರಕ್ಕೊಂದು ಬದಲಾಗುವುದೂ ಉಂಟು: ಒಮ್ಮೆ ಭಾರೀ ವಾಹನಕ್ಕೆ ತಡೆ, ಒಮ್ಮೆ ರಾತ್ರಿ ಸಂಚಾರಕ್ಕೆ ತಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಹಿಂದಿನ ಸಂಜೆಯ ಸುದ್ದಿ ನೋಡದೆ ಹೊರಡಬಾರದು. ನಕ್ಷೆಯ ಆ್ಯಪ್ ದಾರಿ ತೋರಿಸಿತು ಎಂದರೆ ದಾರಿ ತೆರೆದಿದೆ ಎಂದು ಅರ್ಥವಲ್ಲ.

ಹತ್ತುವುದರಲ್ಲಿ ಇರುವ ಗುಟ್ಟು ಇಷ್ಟೇ: ತಿರುವಿನೊಳಗೆ ಗೇರ್ ಬದಲಿಸಬೇಡಿ. ತಿರುವು ಕಾಣುತ್ತಿದ್ದಂತೆ ಎರಡನೇ ಗೇರಿಗೆ ತಂದು, ತುಂಬಾ ಕಡಿದಾಗಿದ್ದರೆ ಮೊದಲನೆಯದಕ್ಕೇ ತಂದು, ಆಮೇಲೆ ಸ್ಟೇರಿಂಗ್ ತಿರುಗಿಸಿ. ಹೇರ್‌ಪಿನ್ ತಿರುವಿಗೆ ಮೊದಲು ತಲೆ ಬಗ್ಗಿಸಿ ಮೇಲಿನ ರಸ್ತೆ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಮೇಲಿಂದ ಬಸ್ ಬರುತ್ತಿದ್ದರೆ ತಿರುವಿಗೆ ಹತ್ತು ಹೆಜ್ಜೆ ಕೆಳಗೇ ನಿಲ್ಲುತ್ತೇನೆ. ಬಸ್ಸಿಗೆ ಆ ತಿರುವು ತೆಗೆಯಲು ಇಡೀ ರಸ್ತೆ ಬೇಕು. ಒಳಗೆ ನುಗ್ಗಿದವನು ಆಮೇಲೆ ಇಳಿಜಾರಿನಲ್ಲಿ ಹಿಂದಕ್ಕೆ ತೆಗೆಯಬೇಕು. ರಸ್ತೆ ಕಿರಿದಾದ ಕಡೆ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು ಎಂಬುದು ಬರಿ ಸೌಜನ್ಯವಲ್ಲ, ಸಂಚಾರ ನಿಯಮದಲ್ಲೇ ಇದೆ. ರಜೆಯ ದಿನ ಇದನ್ನು ನೆನಪಿಟ್ಟುಕೊಳ್ಳುವವರು ಬಸ್ಸಿನ ಚಾಲಕರು ಮಾತ್ರವೇನೋ ಎಂದು ನನಗೆ ಅನುಮಾನ. ಏರಿನಲ್ಲಿ ನಿಲ್ಲಿಸಬೇಕಾಗಿ ಬಂದರೆ ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಹಿಡಿತ ಸಿಕ್ಕ ಮೇಲೆ ಬಿಡಬೇಕು. ಅರ್ಧ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿಕೊಂಡವರ ಹಿಂದೆ ಇದ್ದರೆ ಸುಟ್ಟ ವಾಸನೆ ನಮ್ಮ ಕಾರಿಗೂ ಬರುತ್ತದೆ. ತೀರಾ ಏರು ಇದ್ದಲ್ಲಿ ನಾನು ಎ.ಸಿ. ಆರಿಸುತ್ತೇನೆ, ಸಣ್ಣ ಎಂಜಿನ್‌ಗೆ ಅಷ್ಟಾದರೂ ಉಸಿರು ಸಿಗಲಿ.

ಮಕ್ಕಳಿಗೆ ಈ ಭಾಗದಲ್ಲಿ ಒಂದು ಮೋಜು ಇದೆ. ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಮೇಲೆ ಹೋದಂತೆ ಉಬ್ಬಿ ಬಿರಿಯುವ ಹಾಗಾಗುತ್ತದೆ, ಕಿವಿ ಕಟ್ಟುತ್ತದೆ. ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿದ್ದಕ್ಕೆ ಹೀಗೆ ಎಂದು ಹೇಳಿದರೆ ತಲೆಯಾಡಿಸುತ್ತಾರೆ, ಪೊಟ್ಟಣ ಒಡೆಯಲು ಕಾಯುತ್ತಾರೆ. ಸಾವಿರ ಮೀಟರಿಗೆ ಸುಮಾರು ಆರು ಡಿಗ್ರಿ ಸೆಲ್ಸಿಯಸ್ ಸೆಕೆ ಇಳಿಯುತ್ತದೆ ಎಂಬುದನ್ನು ಅಮ್ಮ ಬೇರೆ ರೀತಿ ಹೇಳುತ್ತಾರೆ: "ಇನ್ನು ಸ್ವೆಟರ್ ತೆಗಿ ಮಾರಾಯ."

ದಾರಿ ಬದಿಯ ಅಬ್ಬಿಗಳಲ್ಲಿ (ಜಲಪಾತಗಳಲ್ಲಿ) ಗಾಡಿ ನಿಲ್ಲಿಸಲು ಅಗಲ ಜಾಗ ಸಿಕ್ಕರೆ ಮಾತ್ರ ನಿಲ್ಲುತ್ತೇನೆ. ಬಂಡೆ ಹತ್ತಿ ಫೋಟೊ ತೆಗೆಸಿಕೊಳ್ಳುವವರನ್ನು ಪೊಲೀಸರು ಓಡಿಸುವುದನ್ನು ನೋಡಿ ನಮ್ಮ ಹುಡುಗರಿಗೂ ಬುದ್ಧಿ ಬಂದಿದೆ. ಮಂಗಗಳಿಗೆ ತಿಂಡಿ ಎಸೆಯುವುದು ಬೇಡ. ಅದರಿಂದಲೇ ಅವು ಗಾಡಿ ಕಂಡರೆ ರಸ್ತೆಗೆ ಇಳಿಯುತ್ತವೆ.

ಮಂಜು ಸಿಗುವುದು ಮೇಲಿನ ಕೆಲವು ಕಿಲೋಮೀಟರಿನಲ್ಲಿ. ಕರಾವಳಿಯಲ್ಲಿ ಕಾರು ಕಲಿತವರಿಗೆ ಇಲ್ಲಿ ಗಾಜಿನ ವಿಷಯ ಉಲ್ಟಾ ಆಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಎ.ಸಿ. ಗಾಜನ್ನು ತಂಪು ಮಾಡಿ, ಹೊರಗಿನ ತೇವ ಹೊರಮೈಗೆ ಕೂತು ಮಬ್ಬಾಗುತ್ತದೆ. ವೈಪರ್ ಹಾಕಿದರೆ ಹೋಗುತ್ತದೆ. ಘಟ್ಟದ ಮೇಲೆ ಹೊರಗೇ ತಂಪು, ಒಳಗೆ ಐದು ಜನರ ಉಸಿರು, ಹಾಗಾಗಿ ಮಬ್ಬು ಒಳಮೈಗೆ. ವೈಪರ್ ಎಷ್ಟು ಆಡಿಸಿದರೂ ಪ್ರಯೋಜನವಿಲ್ಲ. ಎ.ಸಿ. ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಇಟ್ಟರೆ ಒಂದು ನಿಮಿಷದಲ್ಲಿ ಸ್ವಚ್ಛ. ಚಳಿಗೆ ಎ.ಸಿ. ಯಾಕೆ ಎಂದು ಹಿಂದಿನಿಂದ ಗೊಣಗಾಟ ಬರುತ್ತದೆ, ಎ.ಸಿ. ತಂಪು ಮಾಡುವುದಷ್ಟೇ ಅಲ್ಲ, ಗಾಳಿ ಒಣಗಿಸುತ್ತದೆ ಎಂದು ಪ್ರತಿ ಸಲ ಹೇಳಬೇಕು. ದೀಪ ಯಾವಾಗಲೂ ಡಿಮ್. ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿಣುಕಿಸುವವರು ಬಹಳ. ಎತ್ತ ತಿರುಗುತ್ತಾರೆ ಎಂದು ಹಿಂದಿನವನಿಗೆ ತಿಳಿಯುವುದೇ ಇಲ್ಲ.

ಕೊಟ್ಟಿಗೆಹಾರದಲ್ಲಿ ಘಟ್ಟ ಮುಗಿಯುತ್ತದೆ, ತಿಂಡಿಯ ನಿಷೇಧವೂ ಮುಗಿಯುತ್ತದೆ. ಅಲ್ಲಿಯ ನೀರುದೋಸೆಗೆ ಕಾಯುವ ಸಾಲು ನೋಡಿದರೆ ಘಟ್ಟದ ಕೆಳಗಿನವರಿಗೆ ನಾಚಿಕೆಯಾಗಬೇಕು; ನಮ್ಮದೇ ದೋಸೆ, ಅವರು ಹೆಸರು ಮಾಡಿದರು. ಹೊಟ್ಟೆ ತುಂಬಿದ ಮೇಲೆ ನಾನು ಮಕ್ಕಳಿಗೆ ಹೇಳುವ ಒಂದು ಸಂಗತಿ ಇದೆ. ಈಗ ಹತ್ತಿ ಬಂದ ಇಳಿಜಾರಿನ ಹಳ್ಳಗಳೆಲ್ಲ ಮೃತ್ಯುಂಜಯ ಹೊಳೆ ಸೇರಿ, ಅಲ್ಲಿಂದ ನೇತ್ರಾವತಿಗೆ ಬಿದ್ದು ಮಂಗಳೂರಿನ ಅಳಿವೆಗೆ ಹೋಗುತ್ತವೆ. ಇಲ್ಲಿಂದ ಸ್ವಲ್ಪ ದೂರದ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಪೂರ್ವಕ್ಕೆ ಹರಿದು, ಕಾವೇರಿ ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಮೋಡದ ಮಳೆ ಎರಡು ಕಡಲಿಗೆ ಪಾಲಾಗುವ ದಿಣ್ಣೆ ಇದು. ಮಗಳು ಜಾವಳಿಗೆ ಹೋಗಲೇಬೇಕು ಎಂದು ಹಟ ಹಿಡಿದಳು, ಹೋದೆವು. ದೇವಸ್ಥಾನ, ಸಣ್ಣ ತೀರ್ಥ. ಗೊರೂರಿನ ಅಣೆಕಟ್ಟು ತುಂಬುವ ನದಿ ಇದೇ ಎಂದರೆ ಅವಳು ನಂಬಲಿಲ್ಲ.

ಉಳಿಯಲು ಮೂಡಿಗೆರೆ ಸುತ್ತಿನ ಎಸ್ಟೇಟ್ ಹೋಂಸ್ಟೇಗಳು ನನಗೆ ಇಷ್ಟ. ಕಾಯ್ದಿರಿಸುವಾಗ ಫೋನಿನಲ್ಲಿ ನಾನು ಕೇಳುವುದು ಎರಡೇ: ಮುಖ್ಯ ರಸ್ತೆಯಿಂದ ಎಷ್ಟು ದೂರ ಮಣ್ಣಿನ ದಾರಿ, ಸಣ್ಣ ಕಾರು ಹೋಗುತ್ತದೆಯೇ. "ಬರುತ್ತೆ ಸಾರ್" ಎಂದರೆ ಸಾಲದು, "ಮಳೆ ಬಂದ ಮೇಲೂ ಬರುತ್ತಾ?" ಎಂದು ಮತ್ತೆ ಕೇಳಬೇಕು. ಅಕ್ಟೋಬರ್‌ನಲ್ಲಿ ಕಾಫಿ ಹಣ್ಣು ಇನ್ನೂ ಹಸಿರು, ಅರೇಬಿಕಾದಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು. ತೋಟ ಸುತ್ತಲು ಹೊರಟರೆ ಇಂಬಳ (ಜಿಗಣೆ) ಹತ್ತದೆ ಬಿಡುವುದಿಲ್ಲ. ಕಿತ್ತು ಎಳೆಯಬೇಡಿ, ಉಪ್ಪು ಹಾಕಿದರೆ ತಾನೇ ಉದುರುತ್ತದೆ.

ಮುಳ್ಳಯ್ಯನಗಿರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರ್ನಾಟಕದ ಅತಿ ಎತ್ತರದ ಶಿಖರ, 1,900 ಮೀಟರಿಗೂ ಮೇಲೆ. ರಜೆಯಲ್ಲಿ ಅಷ್ಟೇ ಎತ್ತರದ ವಾಹನ ಸಾಲು. ಈಗ ಗಾಡಿಗಳಿಗೆ ಮುಂಗಡ ನೋಂದಣಿ ಬಂದಿದೆ, ನೋಡಿಕೊಂಡೇ ಹೋಗಿ. ನಾವು ಅದನ್ನು ಬಿಟ್ಟು ದೇವರಮನೆ ಗುಡ್ಡಕ್ಕೆ ಹೋದೆವು, ಬೇಸರವಾಗಲಿಲ್ಲ.

ವಾಪಸಿಗೆ ಕೊಟ್ಟಿಗೆಹಾರದಿಂದ ಕಳಸದ ದಾರಿ ಹಿಡಿದೆವು. ಕಿರಿದು, ಅಂಕುಡೊಂಕು, ಕಾಫಿ ತೋಟಗಳ ನಡುವೆ. ಗಂಟೆಗೆ ಮೂವತ್ತು ಕಿಲೋಮೀಟರ್ ಲೆಕ್ಕ ಇಟ್ಟರೆ ಸರಿಯಾಗುತ್ತದೆ. ಕಳಸದಲ್ಲಿ ದೇವಸ್ಥಾನ, ಊಟ, ಪೆಟ್ರೋಲ್. ಮುಂದೆ ಬಜಗೋಳಿವರೆಗೆ ಬಂಕು, ನೆಟ್‌ವರ್ಕು ಯಾವುದನ್ನೂ ನಂಬಿ ಹೊರಡಬಾರದು. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಮಧ್ಯಾಹ್ನ ಎರಡಕ್ಕೆ ಕಳಸ ಬಿಡಬೇಕೆಂಬುದು ನಮ್ಮ ಮನೆಯ ಕಟ್ಟುನಿಟ್ಟು. ಸಂಸೆಯ ಚಹಾ ತೋಟ ದಾಟಿ ರಾಷ್ಟ್ರೀಯ ಉದ್ಯಾನದೊಳಗೆ ಹೋಗುವಾಗ ಅರಣ್ಯ ಇಲಾಖೆಯ ತನಿಖಾ ಠಾಣೆಯಲ್ಲಿ ಗಾಡಿ ನಂಬರ್, ಸಮಯ ಬರೆದುಕೊಳ್ಳುತ್ತಾರೆ. ಕಂಡಕಂಡಲ್ಲಿ ನಿಲ್ಲಿಸಿ ಬುತ್ತಿ ಬಿಚ್ಚುವ ಹಾಗಿಲ್ಲ. ಪ್ಲಾಸ್ಟಿಕ್ ಬಿಸಾಡುವ ಜನ ಕಡಿಮೆಯಾಗಿರುವುದಕ್ಕೆ ಇದೇ ಕಾರಣ, ಹೀಗೇ ಇರಲಿ.

ಕುದುರೆಮುಖ ಪೇಟೆಯ ಖಾಲಿ ಕ್ವಾರ್ಟರ್ಸ್ ನೋಡಿ ಮಕ್ಕಳು ಯಾರಿದ್ದರು ಎಂದು ಕೇಳುತ್ತಾರೆ. ಕಬ್ಬಿಣದ ಅದಿರಿನ ಕಂಪನಿ ಶುರುವಾದದ್ದು 1976ರಲ್ಲಿ. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು; ಕಡಲಿಗೆ ಹೋಗಲು ಲಾರಿಯೇ ಬೇಡ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅಮ್ಮನಿಗೆ ಪಣಂಬೂರಿನ ಕೆಂಪು ಧೂಳು ಇನ್ನೂ ನೆನಪಿದೆ.

ಕಡಾಂಬಿ ಅಬ್ಬಿ ರಸ್ತೆಯ ಪಕ್ಕದಲ್ಲೇ ಸಿಗುತ್ತದೆ. ಎಸ್.ಕೆ. ಬಾರ್ಡರ್ ಎಂಬ ಕವಲಿನಲ್ಲಿ ಬಲಕ್ಕೆ ಹೋದರೆ ಕೆರೆಕಟ್ಟೆ, ಶೃಂಗೇರಿ. ನಾವು ಮಾಳದ ಕಡೆ. ಇಲ್ಲಿಂದ ನಿಜವಾದ ಇಳಿತ. ಯಾವ ಗೇರಿನಲ್ಲಿ ಹತ್ತಬಹುದೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬ ಹಳೆಯ ಚಾಲಕರ ಮಾತು ಸರಿ. ಎರಡು ಅಥವಾ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವವರು ಲೆಕ್ಕ ತಪ್ಪಿದ್ದಾರೆ: ಈಗಿನ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಐಡಲ್ ಓಡಲು ಕುಡಿಯುತ್ತವೆ. ಬ್ರೇಕನ್ನು ಉದ್ದಕ್ಕೂ ಸವರಿಕೊಂಡು ಬರಬಾರದು. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಬೇಕು. ಬಿಟ್ಟ ಆ ಹೊತ್ತಿನಲ್ಲೇ ಅದು ತಣಿಯುವುದು. ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಗಾಡಿಯನ್ನು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕೂತುಬಿಡಿ. ಬಿಸಿ ಡಿಸ್ಕಿಗೆ ನೀರು ಸುರಿಯಬೇಡಿ, ಅದು ಸೊಟ್ಟಗಾಗುತ್ತದೆ.

ಬಜಗೋಳಿ ಮುಟ್ಟುವಾಗ ಐದು ಗಂಟೆ. ಕಿಟಕಿ ಇಳಿಸಿದರೆ ಸೆಕೆ ಒಳಗೆ ನುಗ್ಗುತ್ತದೆ, ಸ್ವೆಟರ್‌ಗಳು ಡಿಕ್ಕಿಗೆ ಹೋಗುತ್ತವೆ. ಕಾರ್ಕಳದಲ್ಲಿ ಚಹಾ ಕುಡಿಯುತ್ತ ಪಡುಬಿದ್ರಿಗೆ ಹೋಗಿ ಹೆದ್ದಾರಿ 66 ಹಿಡಿಯುವುದೋ, ಮೂಡುಬಿದಿರೆಯ ಮೇಲೆ ಹೋಗುವುದೋ ಎಂದು ಚರ್ಚೆಯಾಯಿತು. ರಜೆಯ ಕೊನೆಯ ಸಂಜೆ ಉಡುಪಿ ಕಡೆಯಿಂದ ಬರುವ ಗಾಡಿಗಳ ಸಾಲು ಸೇರಲು ನನಗೆ ಮನಸ್ಸಿರಲಿಲ್ಲ, ಮೂಡುಬಿದಿರೆ ದಾರಿಯಲ್ಲೇ ಬಂದೆವು.